ಚೆಂಡು ಬಂದರೆ ಮುಖ ತಿರುಗಿಸುವ ಮಗುವಿಗೆ ಹಿಡಿಯುವುದನ್ನು ಕಲಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ ನಾಲ್ಕೂವರೆ ವರ್ಷ. ಚೆಂಡು ಎಸೆದರೆ ಕಣ್ಣು ಮುಚ್ಚಿ ಮುಖ ಪಕ್ಕಕ್ಕೆ ತಿರುಗಿಸುತ್ತಾನೆ. ಪಕ್ಕದ ಮನೆಯ ಓರಗೆಯ ಹುಡುಗ ಹಿಡಿಯುತ್ತಾನೆ. ಇವನಿಗೇನಾದರೂ ತೊಂದರೆ ಇದೆಯಾ, ಪೆಟ್ಟಾಗದ ಹಾಗೆ ಕಲಿಸೋದು ಹೇಗೆ, ಮನೆಯಲ್ಲಿ ಒಂದೂವರೆ ವರ್ಷದ ಮಗಳೂ ಇದ್ದಾಳೆ ಅಂತ ಬರೆದಿದ್ದೀರಿ. ನಾನು ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಣದ ಟೀಚರ್. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಹದಿನಾರು ವರ್ಷದಿಂದ ಇದೇ ಕೆಲಸ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿಕೊಳ್ಳಿ.

ಮೊದಲನೆಯದು, ಗಾಬರಿ ಬೇಡ. ಆ ವಯಸ್ಸಿನಲ್ಲಿ ಮುಖ ತಿರುಗಿಸೋದು ತೀರಾ ಸಾಮಾನ್ಯ. ಮುಖದ ಕಡೆಗೆ ಏನೋ ಹಾರಿ ಬಂದರೆ ಮೈ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ, ಅಷ್ಟೇ. ಮೂರು ವರ್ಷದ ಮಗು ಎರಡೂ ಕೈಯನ್ನು ಕೋಲಿನ ಹಾಗೆ ಮುಂದೆ ಚಾಚಿ ನಿಲ್ಲುತ್ತದೆ. ಚೆಂಡೇ ಬಂದು ಕೈ ಮೇಲೆ ಕೂರಬೇಕು. ನಾಲ್ಕರ ಆಸುಪಾಸಿನಲ್ಲಿ ಎದೆಗೆ ಅವಚಿಕೊಂಡು ಹಿಡಿಯುತ್ತದೆ. ಬರೀ ಅಂಗೈಯಲ್ಲಿ ಹಿಡಿಯೋದು ಐದು, ಆರರ ನಂತರ, ಅದೂ ಆಡಿ ಆಡಿ ರೂಢಿಯಾದ ಮೇಲೆ. ಒಬ್ಬೊಬ್ಬರದು ಒಂದೊಂದು ಹದ. ಆದರೆ ಮಗು ಆಗಾಗ ಎಡವುತ್ತಿದ್ದರೆ, ಟಿವಿ ಹತ್ತಿರಕ್ಕೇ ಹೋಗಿ ನಿಂತರೆ, ಒಂದು ಕಣ್ಣು ಓರೆ ಅನ್ನಿಸಿದರೆ ಒಂದು ಸಲ ಕಣ್ಣಿನ ಡಾಕ್ಟರಿಗೆ ತೋರಿಸಿ.

ನಾನು ಈ ವಿಷಯ ಕಲಿತದ್ದು ಒಂದು ಕೆಟ್ಟ ದಿನದಿಂದ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಎರಡನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹತ್ತಡಿ ದೂರದಿಂದ ಒಬ್ಬೊಬ್ಬರಿಗೇ ಟೆನಿಸ್ ಚೆಂಡು ಎಸೆಯುತ್ತಿದ್ದೆ. ಒಬ್ಬಳು ಹುಡುಗಿ ಪಕ್ಕದವಳ ಜಡೆಯ ರಿಬ್ಬನ್ ನೋಡುತ್ತಾ ನಿಂತಿದ್ದಳು. ನಾನು "ಹಿಡಿ" ಅಂದೆ, ಅವಳು ತಿರುಗಿದಳು, ಚೆಂಡು ಮೂಗಿಗೇ ಬಡಿಯಿತು. ಬಿಳಿ ಅಂಗಿಯ ಮೇಲೆ ರಕ್ತ. ಟೆನಿಸ್ ಚೆಂಡು ತೂಗೋದು 56ರಿಂದ 59 ಗ್ರಾಂ ಅಷ್ಟೇ, ಆದರೆ ನೋಡದೇ ನಿಂತ ಮಗುವಿನ ಮೂಗಿಗೆ ಅಷ್ಟು ಸಾಕು. ಮೂಗು ಎರಡು ದಿನದಲ್ಲಿ ಸರಿಯಾಯಿತು. ಆಮೇಲೆ ಎರಡು ತಿಂಗಳು ಆಟದ ಪೀರಿಯಡ್ ಬಂದರೆ ಅವಳಿಗೆ ಹೊಟ್ಟೆನೋವು. ಅವಳು ನೋಡುತ್ತಿದ್ದಾಳಾ ಅಂತ ನಾನು ನೋಡಿರಲಿಲ್ಲ. ತಪ್ಪು ಪೂರ್ತಿ ನನ್ನದು. ಅಂದಿನಿಂದ, ಮಗು ಚೆಂಡು ಬಿಟ್ಟರೆ ನಾನು ಮೊದಲು ನೋಡೋದು ಎಸೆದವರ ಕಡೆಗೆ.

ಅವಳನ್ನು ಮತ್ತೆ ಆಟಕ್ಕೆ ತಂದದ್ದು ಉರುಳಿಸಾಟ. ನಿಮ್ಮ ಮಗನಿಗೂ ಅಲ್ಲಿಂದಲೇ ಶುರು ಮಾಡಿ. ಇಬ್ಬರೂ ನೆಲದ ಮೇಲೆ ಎದುರುಬದುರು ಕಾಲು ಅಗಲಿಸಿ ಕೂತುಕೊಳ್ಳಿ. ಚೆಂಡು ಉರುಳಿಸಿ. ನೆಲದ ಮೇಲೆ ಬರೋ ಚೆಂಡಿಗೆ ಯಾವ ಮಗುವೂ ಕಣ್ಣು ಮುಚ್ಚೋದಿಲ್ಲ. ಬಿಟ್ಟ ಕೈಯಿಂದ ತನ್ನ ಕೈಗೆ ಬರೋವರೆಗೂ ಕಣ್ಣು ಚೆಂಡಿನ ಹಿಂದೆಯೇ ಬರುತ್ತದೆ. ನಮಗೆ ಬೇಕಾಗಿರೋದೂ ಅದೇ ಅಲ್ವಾ? ಮೂರು ನಾಲ್ಕು ದಿನ ಬರೀ ಇಷ್ಟೇ ಆಡಿ. ಆಮೇಲೆ ನಿಂತುಕೊಂಡು ಒಂದು ಸಲ ನೆಲಕ್ಕೆ ಪುಟಿಸಿ ಕೊಡಿ. ಪುಟಿದ ಚೆಂಡು ಕೆಳಗಿನಿಂದ ಮೇಲೆ ಬರುತ್ತದೆ, ವೇಗ ಇಳಿದಿರುತ್ತದೆ, ಮುಖದ ಮೇಲೆ ನುಗ್ಗುವುದಿಲ್ಲ. ಗಾಳಿಯಲ್ಲಿ ಎಸೆಯೋದು ಇದೆಲ್ಲ ಆದ ಮೇಲೆ.

ಗಾಳಿಯಲ್ಲಿ ಎಸೆಯೋಕೂ ಮೊದಲು ಚೆಂಡು ಬೇಡ. ಮನೆಯಲ್ಲಿ ತೆಳುವಾದ ಹಳೇ ವೇಲ್ ಇದ್ದರೆ ಕರವಸ್ತ್ರದಷ್ಟು ತುಂಡು ಕತ್ತರಿಸಿ. ಮೇಲಕ್ಕೆ ತೂರಿದರೆ ತೇಲುತ್ತಾ ತೇಲುತ್ತಾ ಇಳಿಯುತ್ತದೆ. ಮಗುವಿಗೆ ನೋಡೋಕೂ ಕೈ ಚಾಚೋಕೂ ಬೇಕಾದಷ್ಟು ಸಮಯ ಸಿಗುತ್ತದೆ, ತಾಗಿದರೂ ನೋವಿಲ್ಲ. ಬಲೂನೂ ಹೀಗೇ ನಿಧಾನ. ಆದರೆ ಒಡೆದ ಬಲೂನಿನ ತುಂಡು ಗಂಟಲಿಗೆ ಅಂಟಿದರೆ ಉಸಿರೇ ನಿಲ್ಲಬಹುದು. ಚಿಕ್ಕವಳು ಇರೋ ಮನೆಯಲ್ಲಿ ನಾನಾದರೆ ಬಲೂನ್ ತರೋದಿಲ್ಲ. ವೇಲ್ ಆದ ಮೇಲೆ ಬಟ್ಟೆ ಚೆಂಡು. ಹಳೇ ಕಾಲುಚೀಲದೊಳಗೆ ಚಿಂದಿ ಬಟ್ಟೆ ತುರುಕಿ ಹೊಲಿದರೆ ಆಯಿತು. ಅದು ಪುಟಿಯೋದಿಲ್ಲ, ಕೈಗೆ ಬಿದ್ದರೆ ಅಲ್ಲೇ ಕೂರುತ್ತದೆ. ಒಳಗೆ ರಾಗಿ, ಹುಣಸೆ ಬೀಜ ತುಂಬಬೇಡಿ. ಹೊಲಿಗೆ ಬಿಚ್ಚಿದರೆ ಸಣ್ಣ ಮಕ್ಕಳು ಮೂಗಿಗೋ ಕಿವಿಗೋ ಹಾಕಿಕೊಳ್ಳುತ್ತಾರೆ. ಆಮೇಲೆ ಬೇಕಾದರೆ ಮಗುವಿನ ಎದೆಯಷ್ಟು ಅಗಲದ ಮೆತ್ತನೆ ಚೆಂಡು ತನ್ನಿ, ಗಾಳಿ ಸ್ವಲ್ಪ ಕಡಿಮೆ ಇರಲಿ. ತಿಳಿ ಬಣ್ಣದ ಗೋಡೆಯ ಮುಂದೆ ಕೆಂಪೋ ಕಿತ್ತಳೆಯೋ ಆದರೆ ಎದ್ದು ಕಾಣುತ್ತದೆ.

ಈಗ ಕೈಯ ವಿಷಯ. "ಕೈ ಸರಿಯಾಗಿ ಹಿಡಿ" ಅಂದರೆ ಮಗುವಿಗೆ ಏನೂ ಅರ್ಥ ಆಗಲ್ಲ. ನಾನು ಮಕ್ಕಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬೊಗಸೆಯಲ್ಲಿ ನೀರು ಹಿಡಿ ಅನ್ನುತ್ತೇನೆ. ಕಿರುಬೆರಳುಗಳು ಒಂದಕ್ಕೊಂದು ತಾಗಿ, ಮೊಣಕೈ ಮಡಚಿ, ಎರಡು ಕೈ ಒಂದು ಬಟ್ಟಲಾಗುತ್ತದೆ. ನೀರು ಸೋರಿದರೆ ಸಂದಿ ಎಲ್ಲಿದೆ ಅಂತ ಮಗುವಿಗೇ ಗೊತ್ತಾಗುತ್ತದೆ, ನಾವು ಹೇಳಬೇಕಾಗಿಲ್ಲ. ಹೊಟ್ಟೆಯ ಎತ್ತರಕ್ಕೆ, ಅದಕ್ಕಿಂತ ಕೆಳಗೆ ಬರೋ ಚೆಂಡಿಗೆ ಇದೇ ಬೊಗಸೆ. ಎದೆಗಿಂತ ಮೇಲೆ ಬಂದರೆ ಬೊಗಸೆ ತಿರುಗಬೇಕು. ಹೆಬ್ಬೆರಳುಗಳು ಹತ್ತಿರ, ಬೆರಳುಗಳು ಆಕಾಶಕ್ಕೆ. ಬೆರಳ ತುದಿ ಚೆಂಡಿಗೇ ನೇರವಾಗಿ ಮುಖ ಮಾಡಿದರೆ ಬೆರಳು ಉಳುಕುತ್ತದೆ. ನಮ್ಮಲ್ಲಿ ದೊಡ್ಡ ಮಕ್ಕಳಿಗೆ ಆಗೋ ಪೆಟ್ಟು ಜಾಸ್ತಿ ಇದೇ ರೀತಿಯದ್ದು. ಆದರೆ ನಾಲ್ಕೂವರೆಗೆ ಮೇಲಿನ ಚೆಂಡು ಬೇಡವೇ ಬೇಡ. ಬೊಗಸೆ ಸಾಕು, ಎದೆಗೆ ಅವಚಿಕೊಂಡರೂ ಸರಿಯೇ.

ಇನ್ನೊಂದು, ಚೆಂಡು ತಾಗಿದ ಕ್ಷಣ ಕೈ ಸ್ವಲ್ಪ ಮೈಕಡೆಗೆ ಬರಬೇಕು. ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದವರು. ಅವರು ಸ್ಲಿಪ್‌ನಲ್ಲಿ ಹಿಡಿದ ಯಾವ ಕ್ಯಾಚನ್ನಾದರೂ ಹಾಕಿ ನೋಡಿ, ಕೈ ಚೆಂಡಿಗೆ ಅಡ್ಡ ನಿಲ್ಲೋದಿಲ್ಲ, ಚೆಂಡಿನ ಜೊತೆ ಹಿಂದಕ್ಕೆ ಬರುತ್ತದೆ. ಮಕ್ಕಳಿಗೆ ನಾನು "ಕೋಳಿಮೊಟ್ಟೆ ಬರ್ತಿದೆ, ಒಡೀಬಾರದು" ಅನ್ನುತ್ತೇನೆ. ಅಷ್ಟಕ್ಕೇ ಆ ಪುಟ್ಟ ಕೈಗಳು ಮೆತ್ತಗಾಗುವುದು ನೋಡಬೇಕು ನೀವು.

ಇನ್ನು ನೀವು ಎಸೆಯೋ ರೀತಿ. ನಾಲ್ಕಡಿ ದೂರ ಸಾಕು. ಕುಕ್ಕರುಗಾಲಲ್ಲಿ ಕೂತು ಮಗುವಿನ ಎತ್ತರಕ್ಕೆ ಬನ್ನಿ. ಹೆಸರು ಹಿಡಿದು ಕರೆಯಿರಿ. ಅವನ ಕಣ್ಣು ನಿಮ್ಮ ಕೈ ಮೇಲೆ ಬರಲಿ. ಆಮೇಲೆ ಕೈ ಕೆಳಗಿನಿಂದ, ಹೊಟ್ಟೆಯ ಎತ್ತರಕ್ಕೆ, ಮೆಲ್ಲಗೆ. ಪ್ರತಿ ಸಲವೂ ಹೀಗೇ. ಸಂಜೆ ಬಿಸಿಲು ಅವನ ಕಣ್ಣಿಗೆ ಹೊಡೆಯದ ಹಾಗೆ ನಿಲ್ಲಿಸಿ. ಐದು ನಿಮಿಷ, ಜಾಸ್ತಿ ಅಂದರೆ ಹತ್ತು. ಇನ್ನೂ ಆಡಬೇಕು ಅನ್ನೋವಾಗಲೇ ನಿಲ್ಲಿಸಿ. ಬಿಟ್ಟರೆ "ಅಯ್ಯೋ" ಅನ್ನಬೇಡಿ, ಪಕ್ಕದ ಮನೆ ಹುಡುಗನ ಹೆಸರಂತೂ ಎತ್ತಲೇಬೇಡಿ. "ಕೊನೇವರೆಗೂ ನೋಡಿದೆ, ಭೇಷ್" ಅನ್ನಿ. ಯಾಕಂದರೆ ಈಗ ಅವನು ಕಲಿಯುತ್ತಿರೋದು ನೋಡೋದನ್ನ.

ಲೆದರ್ ಬಾಲ್ ಮನೆಯಲ್ಲಿದ್ದರೆ ಎತ್ತಿಡಿ. ಅದು 156ರಿಂದ 163 ಗ್ರಾಂ ತೂಗುತ್ತದೆ, ಕಲ್ಲಿನಷ್ಟು ಗಟ್ಟಿ. ಟೆನಿಸ್ ಚೆಂಡೂ ಈಗಲೇ ಬೇಡ. ನಮ್ಮ ಶಾಲೆಯ ದೊಡ್ಡ ಹುಡುಗಿಯರು ಥ್ರೋಬಾಲ್ ಆಡುತ್ತಾರೆ. ಎರಡೂ ಕೈಯಲ್ಲಿ ಒಂದೇ ಸಲಕ್ಕೆ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ವಾಪಸ್ ಎಸೆಯಬೇಕು. ಹಿಡಿಯೋದು ಕಲಿಯೋಕೆ ಅಂಥ ಒಳ್ಳೇ ಆಟ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ನಿಮ್ಮ ಮಗ ದೊಡ್ಡವನಾದ ಮೇಲೆ ಆಡಲಿ, ಹುಡುಗಿಯರ ಆಟ ಅಂತ ಬಿಡಬೇಡಿ.

ಆಡೋ ಜಾಗ ಗೇಟು ಮುಚ್ಚಿದ ಅಂಗಳವೋ ಹಾಲೋ ಆಗಿರಲಿ. ಸಂಪಿನ ಮುಚ್ಚಳ ಹಾಕಿದೆಯಾ ನೋಡಿಕೊಳ್ಳಿ. ಮೊದಲ ದಿನವೇ ಒಂದು ನಿಯಮ ಹೇಳಿ: ಚೆಂಡು ಗೇಟು ದಾಟಿದರೆ ಅಮ್ಮನೋ ಅಪ್ಪನೋ ಹೋಗಿ ತರ್ತಾರೆ, ನೀನು ಅಲ್ಲೇ ನಿಲ್ಲಬೇಕು. ಚೆಂಡಿನ ಹಿಂದೆ ಓಡೋ ಮಗುವಿಗೆ ಗಾಡಿ ಕಾಣೋದಿಲ್ಲ.

ನೀವು ಕೇಳದೇ ಇದ್ದರೂ ಒಂದು ಮಾತು ಹೇಳಲೇಬೇಕು. ಹಿಡಿಯೋಕೆ ಬಂದ ಮಗು ಬಿದ್ದದ್ದಕ್ಕೆಲ್ಲ ಕೈ ಒಡ್ಡುತ್ತದೆ. ಕಟ್ಟೆಯಿಂದ ಜಾರಿದ ಚಾಕು, ಗಾಜಿನ ಲೋಟ, ಬಿಸಿ ಪಾತ್ರೆ. ಹಾಗಾಗಿ ಹಿಡಿಯಬಾರದ್ದನ್ನೂ ಜೊತೆಗೇ ಕಲಿಸುತ್ತೇನೆ. ಒಂದು ಆಟವಿದೆ. ಒಂದು ಕೈಯಲ್ಲಿ ಬಟ್ಟೆ ಚೆಂಡು, ಇನ್ನೊಂದರಲ್ಲಿ ಸ್ಟೀಲ್ ಚಮಚ. ಚೆಂಡು ಬಿಟ್ಟರೆ ಹಿಡಿಯಬೇಕು. ಚಮಚ ಬಿಟ್ಟರೆ "ಬಿಡು!" ಅಂತ ಕೂಗಿ ಎರಡು ಹೆಜ್ಜೆ ಹಿಂದಕ್ಕೆ ಹಾರಬೇಕು. ಟಣ್ ಅಂತ ಸದ್ದಾಗಬೇಕು. ಮಕ್ಕಳಿಗೆ ಆ ಸದ್ದೇ ಖುಷಿ. ವಾರದಲ್ಲಿ ಎರಡು ಸಲ ಆಡಿದರೆ ಅಡುಗೆಮನೆಯಲ್ಲೂ ಕಾಲು ತಾನಾಗಿ ಹಿಂದೆ ಬರುತ್ತದೆ.

ಕೈಯಿಂದ ಕೈಗೆ ಕೊಡೋದಕ್ಕೂ ಒಂದು ಮಾತು ರೂಢಿ ಮಾಡಿಸಿ. ಕೊಡುವವರು "ಸಿಕ್ತಾ?" ಅನ್ನಬೇಕು, ತಗೊಳ್ಳುವವರು "ಸಿಕ್ತು" ಅಂದ ಮೇಲೇ ಕೈ ಬಿಡಬೇಕು. ತಟ್ಟೆ, ನೀರಿನ ಚೊಂಬು, ಪುಸ್ತಕ, ಎಲ್ಲಕ್ಕೂ. ಕತ್ತರಿ ಕೊಡುವಾಗ ಬಾಯಿ ಮುಚ್ಚಿ, ಅಲಗನ್ನು ನಮ್ಮ ಮುಷ್ಟಿಯಲ್ಲಿ ಹಿಡಿದು, ಹಿಡಿಯ ಕಡೆ ಮುಂದೆ ಮಾಡಿ. ಕಾಫಿ, ಟೀ, ಸಾರಿನ ಪಾತ್ರೆ ಮಾತ್ರ ಮಕ್ಕಳ ಕೈಗೆ ಬೇಡ. ದೊಡ್ಡವರೂ ಅವರ ತಲೆಯ ಮೇಲಿಂದ ದಾಟಿಸಬೇಡಿ. ಕೆಳಗಿಡಿ, ಬೇಕಾದವರು ಎತ್ತಿಕೊಳ್ಳಲಿ.

ಮನೆಯಲ್ಲಿ ಯಾರಾದರೂ ಕಡಲೆಬೀಜ ಮೇಲಕ್ಕೆ ಎಸೆದು ಬಾಯಲ್ಲಿ ಹಿಡಿಯೋ ಅಭ್ಯಾಸ ಇಟ್ಟುಕೊಂಡಿದ್ದರೆ ಮಕ್ಕಳ ಮುಂದೆ ನಿಲ್ಲಿಸಲಿ. ತಲೆ ಹಿಂದಕ್ಕೆ ವಾಲಿಸಿ ಬಾಯಿ ತೆರೆದಾಗ ಬೀಜ ಶ್ವಾಸನಾಳಕ್ಕೆ ಹೋಗೋದು ಸುಲಭ, ಮಕ್ಕಳು ನೋಡಿದ್ದನ್ನು ಮಾಡಿಯೇ ಮಾಡುತ್ತಾರೆ. ಮತ್ತೆ ಚಿಕ್ಕವಳ ವಿಷಯ. ಮೂರು ವರ್ಷದ ಒಳಗಿನ ಮಕ್ಕಳ ಕೈಗೆ 4.5 ಸೆಂಟಿಮೀಟರಿಗಿಂತ ಸಣ್ಣ ಚೆಂಡು ಸಿಗಬಾರದು, ಅದು ಗಂಟಲಲ್ಲಿ ಕೂರುವ ಅಳತೆ. ಅಣ್ಣನ ಗೋಲಿ, ಪುಟಿಯೋ ಸಣ್ಣ ರಬ್ಬರ್ ಚೆಂಡು ಎಲ್ಲ ಇವತ್ತೇ ಮೇಲಿನ ಕಪಾಟಿಗೆ ಹೋಗಲಿ. ಉರುಳಿಸಾಟಕ್ಕೆ ಅವಳನ್ನೂ ಕೂರಿಸಿಕೊಳ್ಳಿ.