ಕತ್ತರಿ ಹಿಡಿದಾಗಲೇ ಕುಕ್ಕರ್ ಕೂಗುತ್ತದೆ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಕೆಲಸ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮಂಗಲಾ ಅವರಿಗೆ 38 ವರ್ಷ. ಹುಬ್ಬಳ್ಳಿ ಕಡೆಯವರು. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ. ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕು ವರ್ಷದ ಮಗ, ಮೊಣಕಾಲಿನ ಆಪರೇಷನ್ ಆಗಿರುವ ಅತ್ತೆ. ಗಂಡನಿಗೆ ವಾರದಲ್ಲಿ ಎರಡು ಮೂರು ದಿನ ಊರೂರು ಸುತ್ತುವ ಕೆಲಸ.

ಅವರು ನನ್ನ ಹತ್ತಿರ ಬಂದದ್ದು ಸಿಟ್ಟಿನ ಕಾರಣಕ್ಕೆ. "ಸಣ್ಣ ಸಣ್ಣ ಮಾತಿಗೂ ಮಕ್ಕಳ ಮ್ಯಾಲೆ ಚೀರ್ತೇನ್ರಿ. ಆಮ್ಯಾಲೆ ನಾನ ಬಾತ್‌ರೂಮಿನ್ಯಾಗ ಹೋಗಿ ಅಳ್ತೇನಿ" ಅಂದರು. ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಸರಿಯಾಗಿ ಹೇಳಲಿಲ್ಲ. ಆಫೀಸು, ಮಗಳ ಮಾರ್ಕ್ಸು, ಅತ್ತೆಯ ಫಿಸಿಯೋಥೆರಪಿ, ಎಲ್ಲ ಬಂತು. ಎದ್ದು ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ, ಇನ್ನೊಂದು ಮಾತು ಹೇಳಿದರು. ಅತ್ತೆ ಅವರದೊಂದು ಫೈಲನ್ನು ರದ್ದಿಯವನಿಗೆ ಹಾಕಿಬಿಟ್ಟಿದ್ದರು. "ಅದೇನ್ ಬಿಡ್ರಿ, ಸುಮ್ನ ಕಾಗದಾ ಅಂಟಸ್ಕೋತ ಕುಂದರ್ತೇನಿ, ಅದರ ಸಾಮಾನು."

ನಮ್ಮ ಕೆಲಸದಲ್ಲಿ ಬಾಗಿಲ ಹತ್ತಿರ ಬರುವ ಮಾತಿಗೆ ತೂಕ ಜಾಸ್ತಿ. ಮುಂದಿನ ಸಲ ಬರುವಾಗ ಆ ಅಂಟಿಸಿದ್ದನ್ನು ಒಂದು ತಗೊಂಡು ಬನ್ನಿ ಅಂದೆ.

ತಂದರು. ರಟ್ಟಿನ ಹಲಗೆಯೊಂದರ ಮೇಲೆ ಕೊಲಾಜ್, ಅಂದರೆ ಕಾಗದ, ಬಟ್ಟೆಯ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ. ಹಿಂದೆ ಹಳೇ ಪಂಚಾಂಗದ ಹಾಳೆ, ಅದರ ಮೇಲೆ ತೆಳ್ಳಗೆ ಬಿಳಿ ಅಕ್ರಿಲಿಕ್ ಬಣ್ಣ ಬಳಿದು ಅಕ್ಷರಗಳು ಅರ್ಧ ಕಾಣುವ ಹಾಗೆ ಬಿಟ್ಟಿದ್ದರು. ನಡುವೆ ಲಗ್ನಪತ್ರಿಕೆಯ ಚೂರುಗಳು. ಮೂಲೆಯ ಅರಿಶಿನ ಹಾಗೇ ಇತ್ತು. ಒಂದು ಬದಿಗೆ ಇಳಕಲ್ ಸೀರೆಯ ಸೆರಗಿನ ತುಂಡು, ಕೆಂಪಿನಲ್ಲಿ ಬಿಳಿಯ ಟೋಪ್ ತೆನೆ ವಿನ್ಯಾಸ. ತೀರಿಹೋದ ತಾಯಿಯ ಸೀರೆ ಅದು. ಉಟ್ಟು ಉಟ್ಟು ಹರಿದಿತ್ತು, ಬಿಸಾಡಲು ಮನಸ್ಸಾಗಲಿಲ್ಲ, ಬೀರುವಿನಲ್ಲಿಟ್ಟು ಏನು ಮಾಡುವುದು ಅಂತ ಕತ್ತರಿಸಿದರಂತೆ. ಬಟ್ಟೆಯ ಅಂಚನ್ನು ಗೋಣಿಚೀಲದ ದಾರದಿಂದ ದೊಡ್ಡ ದೊಡ್ಡ ಹೊಲಿಗೆ ಹಾಕಿ ಹಲಗೆಗೆ ಕೂರಿಸಿದ್ದರು. ನನಗೆ ಚಿತ್ರಕಲೆ ಅಷ್ಟು ಗೊತ್ತಿಲ್ಲ. ಆದರೆ ಇದು ಟೈಮ್‌ಪಾಸ್‌ಗೆ ಮಾಡಿದ್ದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ರದ್ದಿಗೆ ಹೋದ ಫೈಲಿನಲ್ಲಿ ಅದೇ ಸೀರೆಯ ಉಳಿದ ತುಂಡುಗಳಿದ್ದವು.

ಇನ್ನು ಸಿಟ್ಟು ಎಲ್ಲಿಂದ ಬಂತು ಅಂತ ಕೇಳಬೇಕಾಗಿರಲಿಲ್ಲ. ಆದರೂ ಒಂದು ವಿಷಯ ಖಚಿತ ಮಾಡಿಕೊಳ್ಳದೆ ನಾನು ಮುಂದೆ ಹೋಗುವುದಿಲ್ಲ. ನಿದ್ದೆ, ಊಟ, ಕೆಲಸದಲ್ಲಿ ಗಮನ, ಬದುಕೇ ಬೇಡ ಅನ್ನಿಸುವ ಯೋಚನೆ, ಎಲ್ಲ ವಿಚಾರಿಸಿದೆ. ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಮನಸ್ಸು ಭಾರ, ನಿದ್ದೆ ಇಲ್ಲ ಅಂತಿದ್ದರೆ ಅದು ಬೇರೆ ದಾರಿ. ಆಗ ಮನೋವೈದ್ಯರಿಗೆ ತೋರಿಸಲೇಬೇಕು. ಎಲ್ಲಿ ತೋರಿಸುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಸುಮಂಗಲಾ ಅವರ ವಿಷಯದಲ್ಲಿ ಆ ಲಕ್ಷಣಗಳಿರಲಿಲ್ಲ. ದಣಿವಿತ್ತು, ದುಃಖವಿತ್ತು.

"ನನಗ ಟೈಮೇ ಸಿಗಂಗಿಲ್ರಿ" ಅನ್ನುವುದು ಅವರ ಪಲ್ಲವಿ. ಸುಳ್ಳಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97 ನಿಮಿಷ. ಈ ಲೆಕ್ಕ ಹೇಳಿದಾಗ ಸುಮಂಗಲಾ, "ನಮ್ಮ ಮನ್ಯಾಗ 97 ಎಲ್ಲಿಂದ ಬರಬೇಕ್ರಿ" ಅಂತ ನಕ್ಕರು.

ಆದರೆ ಒಂದು ವಾರದ ದಿನಚರಿ ಬರೆಸಿ ನೋಡಿದಾಗ ಬೇರೆ ಸಂಗತಿ ಕಂಡಿತು. ಚೂರುಪಾರು ಸಮಯ ಸಿಗುತ್ತಿತ್ತು. ಅದು ಹೇಗೆ ಖರ್ಚಾಗುತ್ತಿತ್ತು ಅಂದರೆ, ಅರ್ಧ ಗಂಟೆ ಸಿಕ್ಕರೆ ಮಂಚದ ಕೆಳಗಿನ ಡಬ್ಬ ತೆಗೆದು, ಊಟದ ಟೇಬಲ್ ಮೇಲೆ ಎಲ್ಲ ಹರಡುವುದು. ಒಂದು ಹದಕ್ಕೆ ಜೋಡಿಸುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಅತ್ತೆಗೆ ಮಾತ್ರೆ. ಟೇಬಲ್ ಖಾಲಿ ಮಾಡಬೇಕು. ಜೋಡಿಸಿದ್ದೆಲ್ಲ ಮತ್ತೆ ಡಬ್ಬಕ್ಕೆ. ನಾಳೆ ಮತ್ತೆ ಮೊದಲಿನಿಂದ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಬೇರೆಯವರ ಕೊಲಾಜ್ ನೋಡುವುದು, ಹೊಟ್ಟೆ ಉರಿಸಿಕೊಳ್ಳುವುದು.

ಹಾಗಾಗಿ ಅವರಿಗೆ ಸಮಯಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಕೆಲಸ ಇದ್ದಲ್ಲೇ ಇರುವ ಒಂದು ಜಾಗ. ಇದು ನನಗೆ ಖಾತ್ರಿಯಾದದ್ದು ಅವರು ಕೆಲಸದ ಬಗೆ ವಿವರಿಸಿದಾಗ. ಮೊದಲು ಕಾಗದ ಆರಿಸುವುದು, ಹರಿಯುವುದು, ಕತ್ತರಿಸುವುದು. ಇದಕ್ಕೆ ತಲೆ ಬೇಕಿಲ್ಲ, ಟೀವಿ ಮುಂದೆ ಕೂತೂ ಆಗುತ್ತದೆ. ಎರಡನೆಯದು ಜೋಡಣೆ. ಯಾವುದರ ಪಕ್ಕ ಯಾವುದು, ಯಾವುದು ಮೇಲೆ, ಎಷ್ಟು ಖಾಲಿ ಬಿಡಬೇಕು. ಆಗ ಒಬ್ಬರು "ಅಮ್ಮಾ" ಅಂದರೂ ಕೈ ತಪ್ಪುತ್ತದೆ. ಮೂರನೆಯದು ಅಂಟಿಸುವುದು. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಹಚ್ಚಬೇಕು. ಕಾಗದ ಅಂಟಿನ ತೇವ ಕುಡಿದು ಹಿಗ್ಗುತ್ತದೆ, ನೆರಿಗೆ ಬೀಳುತ್ತದೆ. ಅದಕ್ಕೆ ನಡುವಿನಿಂದ ಅಂಚಿನ ಕಡೆಗೆ ಗಾಳಿ ತಳ್ಳುತ್ತಾ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ದಪ್ಪ ಪುಸ್ತಕ ಹೇರಬೇಕು. ಆಮೇಲೆ ಒಣಗುವವರೆಗೆ ಮುಟ್ಟುವ ಹಾಗಿಲ್ಲ. ಪೇಪರಿನವರ ನ್ಯೂಸ್‌ಪ್ರಿಂಟ್ ಹಾಳೆ ಬೇಡವಂತೆ, ಬೇಗ ಹಳದಿಗಟ್ಟಿ ಪುಡಿಯಾಗುತ್ತದೆ. ಇದನ್ನೆಲ್ಲ ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಹದಿನೈದು ನಿಮಿಷದಲ್ಲಿ ಒಂದು ಸಲವೂ "ಸುಮ್ನ" ಅನ್ನಲಿಲ್ಲ.

ನೋಡಿ, ಕೆಲಸದಲ್ಲೇ ವಿರಾಮ ಇದೆ. ನಿಜವಾದ ಮೌನ ಬೇಕಿರುವುದು ಮೂರರಲ್ಲಿ ಒಂದಕ್ಕೆ ಮಾತ್ರ.

ಇನ್ನೊಂದು ತೊಡಕು ಗಂಡನದು. ಒಳ್ಳೆಯ ಮನುಷ್ಯ, ಹೆಂಡತಿಯ ಕೆಲಸ ಇಷ್ಟಪಡುತ್ತಾರೆ. ಆದರೆ ಅವರ ಪ್ರೋತ್ಸಾಹ ಹೀಗಿತ್ತು: ಇನ್‌ಸ್ಟಾಗ್ರಾಮ್‌ನಲ್ಲಿ ಹಾಕು, ಗೃಹಪ್ರವೇಶಕ್ಕೆ ರಿಟರ್ನ್ ಗಿಫ್ಟ್ ಆರ್ಡರ್ ತಗೋ, ನಾಲ್ಕು ಕಾಸು ಬರಲಿ. ಒಮ್ಮೆ ಸುಮಂಗಲಾ ಸಂಬಂಧಿಕರಿಗೆ ಮೂವತ್ತು ಗಣಪತಿ ಮಾಡಿಕೊಟ್ಟಿದ್ದರು, ಎಲ್ಲ ಒಂದೇ ಥರ. ಆಮೇಲೆ ಎರಡು ತಿಂಗಳು ಕತ್ತರಿ ಮುಟ್ಟಲಿಲ್ಲ. ದುಡ್ಡು ತಂದರೆ ಮಾತ್ರ ಹೆಂಗಸಿನ ಕೆಲಸಕ್ಕೆ ಮನೆಯಲ್ಲಿ ಜಾಗ ಸಿಗುತ್ತದೆ ಅನ್ನುವ ಲೆಕ್ಕಾಚಾರ ನನಗೆ ಎಷ್ಟೋ ಮನೆಗಳಲ್ಲಿ ಕಂಡಿದೆ. ಗಂಡಸರು ಭಾನುವಾರ ಕ್ರಿಕೆಟ್ ಆಡಲು ಹೋದರೆ ಎಷ್ಟು ಸಂಪಾದಿಸಿದೆ ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಅತ್ತೆಯನ್ನೂ ಒಮ್ಮೆ ಕರೆತರಲು ಹೇಳಿದೆ. ಕೋಲೂರಿಕೊಂಡು ಬಂದರು. ಖಡಕ್ ಹೆಂಗಸು. ತಾವು ಹರೆಯದಲ್ಲಿ ಹೊಲಿದ ಕೌದಿಗಳ ಬಗ್ಗೆ ಹೇಳಿದರು. ಹಳೇ ಸೀರೆ, ಧೋತರ, ಮಕ್ಕಳ ಅಂಗಿ, ಎಲ್ಲ ಪದರ ಪದರವಾಗಿ ಹಾಸಿ, ಓಣಿಯ ಹೆಂಗಸರು ಸುತ್ತ ಕೂತು ಹೊಲಿಯುತ್ತಿದ್ದರಂತೆ. ಹಾಗಾದರೆ ಸೊಸೆ ಮಾಡುವುದೂ ಅದರ ಹಾಗೇ ಅಲ್ವಾ ಅಂದೆ. ಅವರು ಒಪ್ಪಲಿಲ್ಲ. "ಕೌದಿ ಹೊದೀಲಿಕ್ಕೆ ಬರ್ತದ. ಇದನ್ನ ಏನ್ ಮಾಡೂದು ಹೇಳ್ರಿ?"

ಆ ಪ್ರಶ್ನೆಗೆ ನಾನು ವಾದ ಮಾಡಲಿಲ್ಲ. ಜರ್ಮನಿಯ ಕುರ್ಟ್ ಶ್ವಿಟರ್ಸ್ ನೂರು ವರ್ಷದ ಹಿಂದೆ ಟ್ರಾಮ್ ಟಿಕೆಟ್ಟು, ಹರಿದ ಕಾಗದ ಆರಿಸಿ ಅಂಟಿಸಿದ್ದು ಈಗ ಮ್ಯೂಸಿಯಮ್ಮುಗಳಲ್ಲಿದೆ ಅಂತ ಆ ಅಜ್ಜಿಗೆ ಹೇಳಿ ಏನು ಉಪಯೋಗ? ಇಷ್ಟೇ ಕೇಳಿದೆ: ಇದು ಉಪಯೋಗಕ್ಕೆ ಬರುತ್ತದೋ ಇಲ್ಲವೋ, ಸೊಸೆಯ ಡಬ್ಬ ಮುಟ್ಟುವ ಮೊದಲು ಒಂದು ಮಾತು ಕೇಳುತ್ತೀರಾ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಅವರವ್ವನ ಸೀರಿ ಅಂತ ನನಗ ಹೇಳೇ ಇಲ್ಲ" ಅಂದರು. ಸುಮಂಗಲಾ ತಲೆ ತಗ್ಗಿಸಿದರು. ಹೇಳಿರಲಿಲ್ಲ, ನಿಜ.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಒಂದು ಪ್ಲೈವುಡ್ ಹಲಗೆ. ಎರಡು ಅಡಿ ಅಗಲ, ಮೂರು ಅಡಿ ಉದ್ದ. ಕೆಲಸ ಅದರ ಮೇಲೇ ನಡೆಯಬೇಕು. ಏಳಬೇಕಾದಾಗ ಏನನ್ನೂ ಎತ್ತಿಡದೆ, ಹಲಗೆ ಸಮೇತ ದಿವಾನದ ಕೆಳಗೆ ಸರಿಸುವುದು. ಏಳುವ ಮೊದಲು ಫೋನಿನಲ್ಲಿ ಒಂದು ಫೋಟೋ. ಮಗನ ಕೈ ತಾಗಿ ಚೂರು ಅಲುಗಿದರೂ ಮತ್ತೆ ಜೋಡಿಸಬಹುದು. ಕೇಳಲು ಇದು ಬಡಗಿಯ ಸಲಹೆ ಅನ್ನಿಸಬಹುದು. ಆದರೆ ದಿನಾ ಕೆಡವಿ ಕಟ್ಟುವ ಸಂಕಟ ತಪ್ಪದೆ ಸಿಟ್ಟಿನ ಬಗ್ಗೆ ಎಷ್ಟು ಮಾತಾಡಿದರೂ ವ್ಯರ್ಥ.

ಎರಡನೆಯದು, ವಾರಕ್ಕೆ ಎರಡು ಸಂಜೆ, ತಲಾ ಒಂದು ಗಂಟೆ, ಜೋಡಣೆಗೆ ಮಾತ್ರ. ಬಾಗಿಲು ಮುಚ್ಚಬೇಕು. ಆ ಹೊತ್ತು ಮನೆ ಗಂಡನದು. ಇಲ್ಲಿ ಗಂಡನಿಗೆ ಒಂದು ಮಾತು ಬಿಡಿಸಿ ಹೇಳಬೇಕಾಯಿತು. ಅವರು "ಏನೇನ್ ಮಾಡಬೇಕು ಹೇಳಲಿ, ಮಾಡ್ತೇನ್ರಿ" ಅಂದರು. ಹೇಳುವುದೂ ಒಂದು ಕೆಲಸವೇ. ಮುಚ್ಚಿದ ಬಾಗಿಲಿನ ಆಚೆಯಿಂದ "ಜೀರಗಿ ಎಲ್ಲಿದೆ" ಅಂತ ಕೇಳಿದರೆ ಆ ಗಂಟೆ ಹೋದಂತೆಯೇ. ರೊಟ್ಟಿಯೋ ಉಪ್ಪಿಟ್ಟೋ, ಮಗನ ಸ್ನಾನ, ಅಮ್ಮನ ಮಾತ್ರೆ, ಎಲ್ಲ ಅವರ ತಲೆಯಲ್ಲೇ ಇರಬೇಕು. ಅಡುಗೆ ಕೆಟ್ಟರೆ ಕೆಡಲಿ, ಸುಮಂಗಲಾ ಎದ್ದು ಬಂದು ಸರಿ ಮಾಡಬಾರದು. ಈ ಕೊನೆಯ ಷರತ್ತು ಸುಮಂಗಲಾ ಅವರಿಗೇ ಕಷ್ಟವಾಯಿತು.

ಕತ್ತರಿಸುವ ಕೆಲಸ ಮಕ್ಕಳ ಜೊತೆ ಇರಲಿ ಅಂದೆ. ಮಗನಿಗೆ ಬೇರೆ ಡಬ್ಬ, ಮೊಂಡು ಕತ್ತರಿ, ಸೋಪಿನ ಪೊಟ್ಟಣ, ಹಳೇ ಕ್ಯಾಲೆಂಡರ್. ತಾಯಿಯ ಡಬ್ಬದ ಮೇಲೆ ದೊಡ್ಡದಾಗಿ ಹೆಸರು. ಆರು ತಿಂಗಳು ಯಾವ ಆರ್ಡರೂ ಬೇಡ. ರಾತ್ರಿ ಹಾಸಿಗೆಗೆ ಫೋನ್ ಬೇಡ.

ಮತ್ತೆ, ರದ್ದಿಗೆ ಹೋದ ಫೈಲಿನ ಮಾತು. ತಾಯಿಯ ಸೀರೆ ವಾಪಸ್ ಬರುವುದಿಲ್ಲ. ಅದಕ್ಕೆ ಅಳುವುದಿದ್ದರೆ ಬಾತ್‌ರೂಮಿನಲ್ಲಿ ಅಲ್ಲ, ಮನೆಯವರ ಎದುರೇ ಅಳಿ ಅಂದೆ. ಮಗಳಿಗೆ ಅಜ್ಜಿಯ ಬಗ್ಗೆ ಹೇಳಿ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ದುಃಖಕ್ಕೆ ಮನೆಯವರು ಮರ್ಯಾದೆ ಕೊಡುವುದು ಹೇಗೆ?

ಒಮ್ಮೆ ಅವರು "ಇನ್ನೇನ್ ಕಲಾವಿದಿ ಆಗೂ ವಯಸ್ಸೇನ್ರಿ" ಅಂದಾಗ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಮೇರಿ ಡಿಲೇನಿ ಕಥೆ ಹೇಳಿದೆ. 72ನೇ ವಯಸ್ಸಿನ ಸುಮಾರಿಗೆ ಬಣ್ಣದ ಕಾಗದ ಕತ್ತರಿಸಿ ಹೂಗಳನ್ನು ಅಂಟಿಸಲು ಶುರುಮಾಡಿ, ಕಣ್ಣು ಮಂಜಾಗುವವರೆಗೆ ಸುಮಾರು ಹತ್ತು ವರ್ಷದಲ್ಲಿ ಸಾವಿರದ ಹತ್ತಿರ ಮಾಡಿದರು. ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ. ಸುಮಂಗಲಾ ಗಮನವಿಟ್ಟು ಕೇಳಿ, "ಅವರಿಗೆ ಮುಂಜಾನೆ ಡಬ್ಬಿ ಕಟ್ಟೂದಿತ್ತೇನ್ರಿ?" ಅಂದರು. ಇರಲಿಲ್ಲ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ, ವರ್ಷದಲ್ಲಿ ಅರ್ಧ ಕಾಲ ಶ್ರೀಮಂತ ಗೆಳತಿಯ ಬಂಗಲೆಯಲ್ಲಿ ಇರುತ್ತಿದ್ದರು. ಇಬ್ಬರೂ ನಕ್ಕೆವು.

ಫಲ ಏನಾಯಿತು? ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಲಗೆ ಮೊದಲ ವಾರದಿಂದಲೇ ಕೆಲಸ ಮಾಡಿತು. ಎರಡು ಸಂಜೆ ಕೆಲವೇ ವಾರದಲ್ಲಿ ಒಂದಕ್ಕೆ ಇಳಿಯಿತು, ಗಂಡನ ಟೂರ್ ಕಾರಣ. ಮಗಳ ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ. ಅತ್ತೆ ಇವತ್ತಿಗೂ ಅದನ್ನು ಕಸ ಅಂತಲೇ ಕರೆಯುತ್ತಾರೆ, ಆದರೆ ಲಗ್ನಪತ್ರಿಕೆ ಬಂದರೆ ಎತ್ತಿಟ್ಟಿರುತ್ತಾರಂತೆ. ಚೀರಾಟ ಕಡಿಮೆಯಾಗಿದೆ, ನಿಂತಿಲ್ಲ. ನಾದಿನಿ ಸೀಮಂತಕ್ಕೆ ಐವತ್ತು ಗಿಫ್ಟ್ ಮಾಡಿಕೊಡು ಅಂದಾಗ ಸುಮಂಗಲಾ "ಈ ವರ್ಷ ಆಗೂದಿಲ್ಲ" ಅಂದರು. ನಾದಿನಿ ಮುನಿಸಿಕೊಂಡಿದ್ದಾರೆ.

ಕಳೆದ ಸಲ ಬಂದಾಗ ಬೆಂಗಳೂರಿನ ಚಿತ್ರಸಂತೆಯ ಬಗ್ಗೆ ಕೇಳಿದರು. ವರ್ಷದ ಮೊದಲಲ್ಲಿ ಚಿತ್ರಕಲಾ ಪರಿಷತ್ತಿನವರು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಸಂತೆ. ಅಲ್ಲಿ ತಾವೂ ಕೂರಬಹುದಾ ಅಂತ. ಮೊದಲು ಒಂದು ವರ್ಷ ಸುಮ್ನೆ ಹೋಗಿ ನೋಡಿಕೊಂಡು ಬನ್ನಿ, ಯಾರ್ಯಾರು ಏನೇನು ಮಾಡುತ್ತಾರೆ, ಹೇಗೆ ಕಟ್ಟು ಹಾಕಿಸುತ್ತಾರೆ ನೋಡಿ, ಅರ್ಜಿ ಆಮೇಲೆ ಅಂದೆ. ಮತ್ತೆ ಆ ಎರಡು ದಿನ ಮನೆ ಯಾರು ನೋಡಿಕೊಳ್ಳುತ್ತಾರೆ ಅಂತ ಗಂಡನ ಹತ್ತಿರ ಈಗಲೇ ಮಾತಾಡಿಕೊಳ್ಳಿ ಅಂತಲೂ ಹೇಳಿದೆ.

"ಟಿಕೆಟ್ ಆಗೇದ್ರಿ" ಅಂದರು. "ಅವರಿಗೆ ಇವತ್ತ ಸಂಜಿಕ ಹೇಳ್ತೇನಿ."