ಮಾಸು ಮತ್ತು ರಕ್ತದೊತ್ತಡ: ನಿಮ್ಮ ಲೇಖನದ ಕುರಿತು

ನಮಸ್ಕಾರ.

ಸೋಮವಾರಪೇಟೆಯಿಂದ ನೀವು ಕಳುಹಿಸಿದ ‘ಗರ್ಭಿಣಿಯರ ರಕ್ತದೊತ್ತಡದಲ್ಲಿ ಜರಾಯುವಿನ ಪಾತ್ರ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೂ ತಿದ್ದಿ ಕಳುಹಿಸಲೇಬೇಕೆಂದು ಕೇಳುತ್ತೇನೆ. ಕಾಫಿ ಕೊಯ್ಲಿನ ದಿನಗಳಲ್ಲಿ ಕೈ ಊದಿ, ಬಳೆ ಕಳಚಲು ಸೋಪಿನ ನೊರೆ ಹಚ್ಚಿಕೊಂಡು ತೋಟದ ಕಾರ್ಮಿಕರ ಲೈನ್ ಮನೆಯ ಜಗಲಿಯಲ್ಲಿ ಕುಳಿತ ಆ ಹೆಣ್ಣುಮಗಳು ನಾಲ್ಕನೆಯ ಪುಟದವರೆಗೆ ಕಾಯಬಾರದು; ಲೇಖನ ಅವಳಿಂದಲೇ ಆರಂಭವಾಗಲಿ.

ಮೊದಲ ಮೂರು ಪುಟಗಳಲ್ಲಿ ಹನ್ನೊಂದು ಅಣುಗಳ ಹೆಸರುಗಳಿವೆ, ಯಾವುದು ಏನು ಮಾಡುತ್ತದೆಂಬುದಿಲ್ಲ. ಎರಡು ಸಾಕು. ಮಾಸು (ನಮ್ಮ ಓದುಗರಿಗೆ ಜರಾಯುವಿಗಿಂತ ಈ ಮಾತೇ ಹತ್ತಿರ) ಬೇರೂರುವಾಗ ಗರ್ಭಕೋಶದ ಸುರುಳಿ ರಕ್ತನಾಳಗಳು ಸಾಕಷ್ಟು ಅಗಲವಾಗದಿದ್ದರೆ ಅದಕ್ಕೆ ರಕ್ತ ಸರಿಯಾಗಿ ಒದಗುವುದಿಲ್ಲ. ಆಗ ಅದು ಎಸ್‌-ಫ್ಲಿಟ್‌-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಅತಿಯಾಗಿ ಬಿಡುತ್ತದೆ, ಆ ಪ್ರೋಟೀನು ರಕ್ತನಾಳಗಳ ಒಳಪದರವನ್ನು ಪೋಷಿಸುವ ಇನ್ನೊಂದು ಪ್ರೋಟೀನಾದ ಪಿಎಲ್‌ಜಿಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುತ್ತದೆ. 2003ರಲ್ಲಿ ವೈದ್ಯ-ಸಂಶೋಧಕ ಅನಂತ್ ಕರುಮಂಚಿಯವರ ತಂಡ ಎಸ್‌-ಫ್ಲಿಟ್‌-1ರ ಪ್ರಮಾಣವನ್ನು ಇಲಿಗಳಲ್ಲಿ ಹೆಚ್ಚಿಸಿದಾಗ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಹೋಯಿತು. ಗರ್ಭವಿಲ್ಲದ ಇಲಿಗಳಲ್ಲೂ ಹಾಗೆಯೇ ಆಯಿತು. ನೀವು ಅರ್ಧ ವಾಕ್ಯದಲ್ಲಿ ದಾಟಿಸಿದ ಈ ಪ್ರಯೋಗಕ್ಕೆ ಇಡೀ ಪ್ಯಾರಾ ಕೊಡಿ. ಉಪ್ಪು ಜಾಸ್ತಿ ತಿಂದದ್ದಕ್ಕೇ ಹೀಗಾಯಿತೆಂದು ಅತ್ತೆಯಿಂದ ಬೈಸಿಕೊಂಡವಳಿಗೆ ಸಲ್ಲಬೇಕಾದ ಉತ್ತರ ಅಲ್ಲಿದೆ.

ಎರಡು ತಪ್ಪುಗಳನ್ನು ಮಾತ್ರ ನಾನು ಬಿಡಲಾರೆ. ಈ ಎರಡು ಪ್ರೋಟೀನುಗಳ ಅನುಪಾತ (ಮೊದಲನೆಯದು ಎರಡನೆಯದರ ಎಷ್ಟು ಪಟ್ಟು ಎಂಬುದು) 38 ದಾಟಿದರೆ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಮೂತ್ರಪಿಂಡ ಮೊದಲಾದ ಅಂಗಗಳಿಗೆ ತೊಂದರೆಯಾಗುವ ಕಾಯಿಲೆ) ಖಚಿತವೆಂದು ಬರೆದಿದ್ದೀರಿ. 2016ರ ಅಧ್ಯಯನ ತೋರಿಸಿದ್ದು ಬೇರೆ: ಕಾಯಿಲೆಯ ಶಂಕೆಯಿರುವ ಗರ್ಭಿಣಿಯಲ್ಲಿ ಅದು 38 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ಒಂದು ವಾರದಲ್ಲಿ ಕಾಯಿಲೆ ಕಾಣಿಸಿಕೊಳ್ಳುವ ಸಂಭವ ತೀರಾ ಕಡಿಮೆ. ದಾಟಿದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಇನ್ನು, ‘ಮಾಸು ಬಿದ್ದ ಕೂಡಲೇ ಅಪಾಯ ಕಳೆಯಿತು’ ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ಹೆರಿಗೆಯಾದ ಮೂರರಿಂದ ಆರು ದಿನಗಳಲ್ಲಿ ಒತ್ತಡ ಮತ್ತೆ ಏರಬಹುದು, ಬಾಣಂತಿಗೆ ಫಿಟ್ಸ್ ಕೂಡ ಬರಬಹುದು. ಮಳೆಗಾಲದಲ್ಲಿ ಮಡಿಕೇರಿಯ ಆಸ್ಪತ್ರೆ ತಲುಪಲು ಗಂಟೆಗಟ್ಟಲೆ ಬೇಕಾಗುವ ಊರಿನಲ್ಲಿ ಆ ಒಂದು ಸಾಲನ್ನು ನಂಬಿದವರು ತಲೆನೋವನ್ನೂ ಕಣ್ಣು ಮಂಜಾಗುವುದನ್ನೂ ಕಡೆಗಣಿಸಿಯಾರು.

ಆ ಹೆಣ್ಣುಮಗಳ ತಾಯಿ ಕಾರ್ಡಿನಲ್ಲಿ ಆಶಾ ಕಾರ್ಯಕರ್ತೆ ಅಂದು ಬರೆದ ರಕ್ತದೊತ್ತಡದ ಅಂಕಿ ಎಷ್ಟೆಂದು ನೀವು ಹೇಳಿಲ್ಲ. ಅವಳ ಒಪ್ಪಿಗೆ ಪಡೆದು, ಹೆಸರು ಬದಲಿಸಿ, ಅದನ್ನು ಬರೆಯಿರಿ. ಗರ್ಭಕ್ಕೆ 20 ವಾರಗಳಾದ ನಂತರ ಒತ್ತಡ 140/90 ಮುಟ್ಟಿದರೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಅದರ ಪಕ್ಕದಲ್ಲೇ ಸೇರಿಸಿ.

ನಿಮ್ಮ,
ಸಂಪಾದಕ