ಬಿಎಸ್ಸಿ ಗಣಿತದ ಮೊದಲ ವರ್ಷ: ಲೆಕ್ಕ ಬರುತ್ತದೆ, ಪ್ರೂಫ್ ಬರುವುದಿಲ್ಲ ಎನ್ನುವವರಿಗೆ

ನಿಮ್ಮ ಪ್ರಶ್ನೆ ಇಷ್ಟು: ಯಾದಗಿರಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದು, ಕಲಬುರಗಿಯಲ್ಲಿ ಬಿಎಸ್ಸಿ ಸೇರಿ ಒಂದು ತಿಂಗಳಾಗಿದೆ. ಲೆಕ್ಕ ಬಿಡಿಸಲು ಬರುತ್ತದೆ, ‘ಸಾಧಿಸಿ’ ಎಂದರೆ ಪೆನ್ನು ನಿಂತುಬಿಡುತ್ತದೆ. ಗಣಿತ ತೆಗೆದುಕೊಂಡದ್ದೇ ತಪ್ಪಾಯಿತೇ?

ತಪ್ಪಾಗಿಲ್ಲ. ಪಿಯುಸಿಯಲ್ಲಿ ಸೂತ್ರ ನೆನಪಿದ್ದರೆ ಉತ್ತರ ಬರುತ್ತಿತ್ತು. ಪದವಿಯಲ್ಲಿ ಡೆಫಿನಿಷನ್‌ಗಳೇ ಕೆಲಸದ ಸಾಮಾನು. ಪ್ರೂಫ್ ನಿಂತುಹೋದಾಗ ಬಹಳ ಸಲ ಕಾರಣ ಒಂದೇ: ಡೆಫಿನಿಷನ್ ಬಾಯಿಗೆ ಬಂದಿರುತ್ತದೆ, ಕೈಗೆ ಬಂದಿರುವುದಿಲ್ಲ.

ಸೀಕ್ವೆನ್ಸ್‌ನ ಲಿಮಿಟ್ ತೆಗೆದುಕೊಳ್ಳಿ. ಯಾವ ಎಪ್ಸಿಲಾನ್ > 0 ಕೊಟ್ಟರೂ ಒಂದು ಸ್ವಾಭಾವಿಕ ಸಂಖ್ಯೆ ಎಂ ಸಿಗಬೇಕು. ಪದದ ಕ್ರಮಾಂಕ ಎನ್ ಅದಕ್ಕಿಂತ ದೊಡ್ಡದಿದ್ದಾಗಲೆಲ್ಲ ಪದಕ್ಕೂ ಲಿಮಿಟ್‌ಗೂ ಇರುವ ಅಂತರ ಎಪ್ಸಿಲಾನ್‌ಗಿಂತ ಕಡಿಮೆ ಇರಬೇಕು. ಈಗ (3ಎನ್+1)/(ಎನ್+2) ಎಂಬುದರ ಲಿಮಿಟ್ 3 ಎಂದು ಸಾಧಿಸಬೇಕಿದೆ ಅನ್ನಿ. ಮೊದಲು ರಫ್ ಹಾಳೆ. ಪದದಿಂದ 3 ಕಳೆದರೆ −5/(ಎನ್+2) ಉಳಿಯುತ್ತದೆ. ಚಿಹ್ನೆ ಬಿಟ್ಟರೆ 5/(ಎನ್+2), ಅದು 5/ಎನ್‌ಗಿಂತ ಕಡಿಮೆ. ಹಾಗಾದರೆ ಎಂ ಎಂಬುದು 5/ಎಪ್ಸಿಲಾನ್‌ಗೆ ಸಮ ಅಥವಾ ದೊಡ್ಡದಿದ್ದರೆ ಕೆಲಸ ಆಯಿತು. ಎಪ್ಸಿಲಾನ್ 0.01 ಆದರೆ ಎಂ = 500. ನಿಜಕ್ಕೆ 498 ಕೂಡ ಸಾಕು, ಆದರೆ ಅತಿ ಚಿಕ್ಕ ಎಂ ಬೇಕೆಂದು ಡೆಫಿನಿಷನ್ ಎಲ್ಲಿಯೂ ಕೇಳಿಲ್ಲ. ಸುಲಭವಾಗಿ ಸಿಗುವುದನ್ನು ಹಿಡಿಯುವ ಸ್ವಾತಂತ್ರ್ಯ ನಿಮಗಿದೆ, ಅದನ್ನು ಬಳಸಿಕೊಳ್ಳಿ.

ಉತ್ತರ ಪತ್ರಿಕೆಯಲ್ಲಿ ಕ್ರಮ ತಿರುಗುತ್ತದೆ. ಎಪ್ಸಿಲಾನ್ ಕೊಟ್ಟಿದೆ ಎಂದು ಮೊದಲ ಸಾಲು. ಎಂ ಆರಿಸಿದ್ದು ಎರಡನೆಯ ಸಾಲು. ಆಮೇಲೆ ಎನ್ > ಎಂ ಆದಾಗ ಅಂತರ 5/ಎನ್‌ಗಿಂತ ಕಡಿಮೆ, ಅದು 5/ಎಂ‌ಗಿಂತ ಕಡಿಮೆ, ಅದು ಎಪ್ಸಿಲಾನ್ ಮೀರುವುದಿಲ್ಲ. ರಫ್ ಹಾಳೆಯನ್ನೇ ನಕಲು ಮಾಡಿದರೆ, ಸಾಧಿಸಬೇಕಾದುದನ್ನೇ ಮೊದಲಿಗೆ ನಿಜವೆಂದು ಒಪ್ಪಿಕೊಂಡಂತಾಗುತ್ತದೆ. ಅಂಕ ಹೋಗುವುದು ಅಲ್ಲಿಯೇ. ಇನ್ನೊಂದು ಸಾಮಾನ್ಯ ತಪ್ಪು, ಎಂ‌ನ ಬೆಲೆಯೊಳಗೆ ಎನ್ ನುಸುಳುವುದು. ಎಂ ಎಪ್ಸಿಲಾನ್ ಮೇಲೆ ನಿಂತಿರಬಹುದು, ಎನ್ ಮೇಲೆ ನಿಲ್ಲುವಂತಿಲ್ಲ.

‘ಪ್ರತಿಯೊಂದಕ್ಕೂ’ ಮತ್ತು ‘ಒಂದು ಇದೆ’ ಇವುಗಳ ಕ್ರಮ ಇನ್ನೂ ಮುಖ್ಯ. ಕಲಬುರಗಿ ಬಸ್‌ಸ್ಟ್ಯಾಂಡಿನಲ್ಲಿ ಆಳಂದ, ಸೇಡಂ, ಜೇವರ್ಗಿ ಹೀಗೆ ಪ್ರತಿ ಊರಿಗೂ ಒಂದು ಬಸ್ ಇದೆ. ‘ಒಂದು ಬಸ್ ಇದೆ, ಅದು ಪ್ರತಿ ಊರಿಗೂ ಹೋಗುತ್ತದೆ’ ಎಂದರೆ ಮಾತೇ ಬೇರೆಯಾಯಿತು. ಲಿಮಿಟ್‌ನ ಡೆಫಿನಿಷನ್‌ನಲ್ಲಿ ಎಂ ಮೊದಲು, ಎಪ್ಸಿಲಾನ್ ಆಮೇಲೆ ಎಂದು ಬರೆದು ನೋಡಿ: ಎಂ ದಾಟಿದ ಮೇಲೆ ಎಲ್ಲ ಪದಗಳೂ ಲಿಮಿಟ್‌ಗೇ ಸಮವಾಗಿರಬೇಕಾಗುತ್ತದೆ. ಆಗ 1/ಎನ್ ಕೂಡ 0 ಕಡೆಗೆ ಹೋಗದು! ಹೊಸ ಡೆಫಿನಿಷನ್ ಬಂದಾಗಲೆಲ್ಲ ಅದಕ್ಕೆ ಹೊಂದುವ ಎರಡು ಉದಾಹರಣೆ, ಹೊಂದದ ಎರಡು ಉದಾಹರಣೆ ನೀವೇ ಕಟ್ಟಿ. ಟ್ಯೂಷನ್ ನೋಟ್ಸಿಗಿಂತ ಇದರಿಂದ ಹೆಚ್ಚು ಲಾಭ ಎಂದು ನಾನು ಖಂಡಿತ ಹೇಳುತ್ತೇನೆ.

ಪ್ರೂಫ್‌ನಲ್ಲಿ ಬರುವ ಎಕ್ಸ್ ಯಾವ ಗಣದಲ್ಲಿದೆ, ಅಂದರೆ ಯಾವ ಬಗೆಯ ಸಂಖ್ಯೆ, ಎಂಬುದನ್ನೂ ಮೊದಲೇ ಬರೆಯಿರಿ. ಏಕೆ ಎಂಬುದಕ್ಕೆ ಹತ್ತಿರದ್ದೇ ಒಂದು ಉದಾಹರಣೆ. ನಿಮ್ಮ ಸೇಡಂ ದಾರಿಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದರು. ವಾಸ್ತವ ಸಂಖ್ಯೆಗಳಲ್ಲಿ ಆ ಮಾತು ಇಂದಿಗೂ ಪೂರ್ತಿ ಸರಿ. ಕಾಂಪ್ಲೆಕ್ಸ್ ಸಂಖ್ಯೆಗಳಿಗೆ ಹೋದರೆ ನಿಲ್ಲುವುದಿಲ್ಲ. ಗಣ ಹೇಳದೆ ‘ಮೂಲ ಇದೆ’, ‘ಮೂಲ ಇಲ್ಲ’ ಎಂದು ಬರೆದರೆ ಅರ್ಥವೇ ಆಗುವುದಿಲ್ಲ.

ಲೆಕ್ಕದ ಭಾಗದಲ್ಲಿ ಮೂರು ಕಡೆ ಎಚ್ಚರ ಬೇಕು. ಗುಣಲಬ್ಧದ ಎನ್‌ನೇ ಡಿರಿವೇಟಿವ್ ಕೊಡುವ ಲೈಬ್ನಿಟ್ಜ್ ಥಿಯರಮ್‌ನಲ್ಲಿ ಪಾಲಿನೋಮಿಯಲ್ ಅನ್ನೇ ಕ್ರಮವಾಗಿ ಡಿಫರೆನ್ಷಿಯೇಟ್ ಮಾಡುತ್ತಾ ಹೋಗಿ. ಎಕ್ಸ್ ವರ್ಗ ಇದ್ದರೆ ಮೂರೇ ಪದಕ್ಕೆ ಸರಣಿ ಮುಗಿಯುತ್ತದೆ. ಬದಲಿಗೆ ಎಕ್ಸ್‌ಪೊನೆನ್ಷಿಯಲ್ ಅನ್ನು ಕ್ರಮವಾಗಿ ಡಿಫರೆನ್ಷಿಯೇಟ್ ಮಾಡುತ್ತಾ ಹೋದರೆ ಸೊನ್ನೆಯಾಗದ ಪದಗಳು ಕೊನೆಗೆ ಹೋಗಿ ಕೂರುತ್ತವೆ, ಗೊಂದಲ. ಪೋಲಾರ್ ಕರ್ವ್‌ಗಳಲ್ಲಿ ಟ್ಯಾನ್ ಫೈ ಸೂತ್ರವನ್ನು (ಫೈ ಎಂದರೆ ತ್ರಿಜ್ಯರೇಖೆಗೂ ಸ್ಪರ್ಶಕಕ್ಕೂ ನಡುವಿನ ಕೋನ) ತಲೆಕೆಳಗು ಮಾಡುವವರು ಬಹಳ. ವೃತ್ತದಿಂದ ಪರೀಕ್ಷಿಸಿ: ಆರ್ ಸ್ಥಿರ, ಸ್ಪರ್ಶಕ ತ್ರಿಜ್ಯಕ್ಕೆ 90 ಡಿಗ್ರಿ, ಆದ್ದರಿಂದ ಡಿಆರ್/ಡಿಥೀಟಾ ಛೇದದಲ್ಲಿಯೇ ಇರಬೇಕು.

ಮ್ಯಾಟ್ರಿಕ್ಸ್ ರ‍್ಯಾಂಕ್ ತೆಗೆಯುವಾಗ ಬಲಗಡೆ ಒಂದು ಹೆಚ್ಚುವರಿ ಕಾಲಮ್ ಹಾಕಿ ಪ್ರತಿ ಸಾಲಿನ ಮೊತ್ತ ಬರೆಯಿರಿ. (1,2,3), (2,5,7), (3,7,10) ಸಾಲುಗಳ ಮೊತ್ತ 6, 14, 20. ಮೂರನೆಯದರಿಂದ ಮೊದಲನೆಯದರ 3 ಪಟ್ಟು ಕಳೆದರೆ (0,1,1), ಮೊತ್ತ 20−18 = 2, ತಾಳೆಯಾಯಿತು. ಅವಸರದಲ್ಲಿ (0,1,2) ಬರೆದಿದ್ದರೆ ಮೊತ್ತ 3 ಆಗಿ ಅಲ್ಲೇ ಸಿಕ್ಕಿಬೀಳುತ್ತದೆ; ಗಮನಿಸದಿದ್ದರೆ ರ‍್ಯಾಂಕ್ 2ರ ಬದಲು 3 ಬರುತ್ತದೆ. ರೋ ಆಪರೇಷನ್ ಮಾತ್ರ ಮಾಡುವಾಗ ಈ ತಾಳೆ ನಡೆಯುತ್ತದೆ, ಕಾಲಮ್ ಆಪರೇಷನ್‌ಗೆ ಅಲ್ಲ.

ಇಂಗ್ಲಿಷಿಗೆ ಹೆದರಬೇಡಿ. ‘ಫಾರ್ ಎವೆರಿ’, ‘ದೇರ್ ಎಗ್ಜಿಸ್ಟ್ಸ್’, ‘ಸಪೋಸ್ ನಾಟ್’ ತರಹದ ಹದಿನೈದಿಪ್ಪತ್ತು ಮಾತುಗಳಲ್ಲಿ ಮೊದಲ ವರ್ಷದ ಪ್ರೂಫ್‌ಗಳು ಹೆಚ್ಚುಕಡಿಮೆ ನಡೆದುಹೋಗುತ್ತವೆ. ಕನ್ನಡದಲ್ಲಿ ಯೋಚಿಸಿ, ಆಮೇಲೆ ಬರೆಯಿರಿ. ‘ಇಫ್ ಅಂಡ್ ಓನ್ಲಿ ಇಫ್’ ಕಂಡರೆ ಮಾತ್ರ ಹಾಳೆಯಲ್ಲಿ ಎರಡು ಭಾಗ ಮಾಡಿಕೊಳ್ಳಿ. ಒಂದೇ ದಿಕ್ಕು ಸಾಧಿಸಿ ಮುಂದೆ ಹೋದರೆ ಅರ್ಧ ಉತ್ತರವಷ್ಟೇ.

ಸಿಲಬಸ್ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಈ ವಾರವೇ ತೆಗೆದಿಟ್ಟುಕೊಳ್ಳಿ. ದಿನಕ್ಕೆ ಒಂದು ಥಿಯರಮ್ ಪುಸ್ತಕ ಮುಚ್ಚಿ ಬರೆಯಿರಿ. ಒಂದು ಪ್ರಶ್ನೆಗೆ 40 ನಿಮಿಷ ಕೂತರೂ ಆಗದಿದ್ದರೆ, ಬರೆದಷ್ಟನ್ನು ಹಿಡಿದುಕೊಂಡು ಲೆಕ್ಚರರ್ ಹತ್ತಿರ ಹೋಗಿ. ‘ಸರ್, ತಿಳಿಯಲಿಲ್ಲ’ ಎಂದರೆ ಅವರಿಗೂ ಎಲ್ಲಿಂದ ಶುರು ಮಾಡುವುದೆಂದು ಗೊತ್ತಾಗುವುದಿಲ್ಲ. ‘ಈ ಮೂರನೇ ಸಾಲಿನಿಂದ ನಾಲ್ಕನೇ ಸಾಲು ಹೇಗೆ ಬಂತು?’ ಎಂದು ಬೆರಳಿಟ್ಟು ಕೇಳಿ, ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.